ಮತ್ತ ನಪಾಸಾದೆ

ಶನಿವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ನಿನ್ನ ಮಾರಿ ನೋಡಿದ್ರ ನಾ ಮತ್ತ ನಪಾಸಾದೆ ಅನ್ನಸ್ತದ." ಹೇಳಿದ್ದು ನನ್ನ ಗಂಡ. ಮುಂಬೈ ಪಕ್ಕದ ಥಾಣೆ ಊರಿನ ಒಂದು ಪುಟ್ಟ ಕೋಣೆಯಲ್ಲಿ, ಕನ್ನಡದ ಒಂದಕ್ಷರವೂ ಬಾರದ ಕೌನ್ಸೆಲರ್ ಹುಡುಗಿಯ ಎದುರಿಗೆ.

ಹುಡುಗಿ ಅಂದೆ, ಯಾಕೆಂದರೆ ನನ್ನ ಅಕ್ಕನ ಮಗಳ ವಯಸ್ಸು. ಮೊದಲ ದಿನ "ಇವಳೇನು ನಮಗೆ ಸಂಸಾರ ಹೇಳಿಕೊಡೋದು" ಅನ್ನಿಸಿತ್ತು. ಒಂದು ಸಲಕ್ಕೆ 2,000 ರೂಪಾಯಿ ಬೇರೆ. ಧಾರವಾಡದ ನಾದಿನಿಗೆ ಸುದ್ದಿ ಹೇಗೋ ಮುಟ್ಟಿ ಫೋನು ಬಂತು. "ವೈನಿ, ಇಬ್ಬರಿಗೂ ಒಮ್ಮೆಲೇ ಹುಚ್ಚು ಹಿಡದದೇನು?" ಆಕೆಯ ಗಂಡ ಇಪ್ಪತ್ತು ವರ್ಷದಿಂದ ಊಟದ ಹೊತ್ತಲ್ಲಿ ಮಾತ್ರ ಬಾಯಿ ತೆರೆಯುವವರು. ಅದನ್ನು ನಾನು ಹೇಳಲಿಲ್ಲ.

ಹೋಗಿದ್ದು ಯಾಕೆ? ಜೂನ್ ತಿಂಗಳ ಒಂದು ರಾತ್ರಿಯಿಂದ. ಮುಂಬೈ ಮಳೆ ಗೊತ್ತಲ್ಲ. ಲೋಕಲ್ ನಿಂತಿತ್ತು. ಇವರು ಫೋನು ತೆಗೆಯಲಿಲ್ಲ. 23 ಸಲ ಮಾಡಿದೆ. ರಾತ್ರಿ ಹನ್ನೊಂದೂವರೆಗೆ ಡೊಂಬಿವಲಿಗೆ ಬಂದಿಳಿದು, ಮನೆಗೆ ಬಂದು, ಒದ್ದೆ ಬಟ್ಟೆ ಬದಲಿಸಿ ಟೀವಿ ಮುಂದೆ ಕೂತರು. ನಾನು ಕೂಗಾಡಿದೆ. ಅವರು ಟೀವಿ ಸೌಂಡ್ ಜಾಸ್ತಿ ಮಾಡಿದರು. ಹದಿನಾಲ್ಕು ವರ್ಷದಲ್ಲಿ ಇದೇನು ಹೊಸದಲ್ಲ. ಆದರೆ ಅವತ್ತು ಮಗಳು ಎದ್ದು ಬಂದು, ಟೀವಿ ಆರಿಸಿ, ಏನೂ ಮಾತಾಡದೆ ಹೋಗಿ ಮಲಗಿದಳು.

ಕೌನ್ಸೆಲರ್ ಮೊದಲು ನಮ್ಮಿಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿದ್ದು ಒಂದೇ. ಮನೆಯಲ್ಲಿ ಹೊಡೆತ ಬಡಿತ, ಹೆದರಿಸೋದು ಇದೆಯಾ? ಇದ್ದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮನಸ್ಸು ಬಿಚ್ಚಿ ಅನ್ನೋದು ಅಪಾಯ, ಆಗ ದಾರಿಯೇ ಬೇರೆ ಅಂದಳು. ಅವತ್ತಿಂದ ಅವಳ ಮೇಲೆ ನನಗೆ ಸ್ವಲ್ಪ ಮರ್ಯಾದೆ ಬಂತು.

ಆಮೇಲಿನ ವಾರಗಳಲ್ಲಿ ಯಾರು ಸರಿ ಯಾರು ತಪ್ಪು ಅಂತ ಆಕೆ ಒಮ್ಮೆಯೂ ಕೇಳಲಿಲ್ಲ. ನನಗೆ ಅದೇ ಬೇಕಿತ್ತು, ಪಟ್ಟಿ ರೆಡಿ ಇತ್ತು! ಕಾಗದದ ಮೇಲೆ ಒಂದು ಸುತ್ತು ಬರೆದಳು. ನಾನು ಹೆದರುತ್ತೇನೆ, ಹಾಗಾಗಿ ಬೆನ್ನು ಹತ್ತುತ್ತೇನೆ. ಬೆನ್ನು ಹತ್ತಿದಷ್ಟೂ ಅವರು ಒಳಗೆ ಸರಿಯುತ್ತಾರೆ. ಸರಿದಷ್ಟೂ ನಾನು ಇನ್ನೂ ಹೆದರುತ್ತೇನೆ. ಈ ಸುತ್ತಿಗೊಂದು ಹೆಸರಿಡಿ ಅಂದಳು. ಇವರು ತಟ್ಟನೆ "ಗಾಣ" ಅಂದರು. ಅದನ್ನು ಮರಾಠಿಯಲ್ಲಿ ವಿವರಿಸುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಎತ್ತು, ಕುಸುಬಿ, ಕಣ್ಣುಪಟ್ಟಿ, ಎಲ್ಲ.

ಆಕೆಯ ಈ ಪದ್ಧತಿಗೆ ಇಮೋಷನಲಿ ಫೋಕಸ್ಡ್ ಥೆರಪಿ ಅಂತ ಹೆಸರು, ಜಗಳದ ಹಿಂದಿನ ಭಾವನೆ ಹಿಡಿದು ಗಂಡ-ಹೆಂಡತಿಗೆ ಮಾಡುವ ಚಿಕಿತ್ಸೆ. ಇದನ್ನು 1980ರ ದಶಕದಲ್ಲಿ ಕೆನಡಾದಲ್ಲಿ ಸ್ಯೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ಅನ್ನುವವರು ಶುರು ಮಾಡಿದ್ದಂತೆ. ಅದರ ಬೇರು ಇನ್ನೂ ಹಿಂದಿನದು. ಜಾನ್ ಬೌಲ್ಬಿ ಅಂತ ಒಬ್ಬ ಬ್ರಿಟಿಷ್ ಮನೋವೈದ್ಯ, ತಾಯಿಯಿಂದ ದೂರವಾದ ಮಕ್ಕಳನ್ನು ನೋಡಿ, ಅಂಟಿಕೊಳ್ಳೋದು ಚಟವಲ್ಲ, ಬದುಕಿಗೆ ಬೇಕಾದ್ದು ಅಂದವನು. ದೊಡ್ಡವರ ಪ್ರೀತಿಯಲ್ಲೂ ಇದೇ ನಡೆಯುತ್ತದೆ ಅಂತ 1987ರಲ್ಲಿ ಹೇಜನ್, ಶೇವರ್ ಅನ್ನುವವರು ಬರೆದರು. ಓದುತ್ತಾ ನನ್ನನ್ನು ನಿಲ್ಲಿಸಿದ್ದು ಮಾತ್ರ ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ಮಾಡಿದ ಪ್ರಯೋಗ. ವರ್ಷದ ಕೂಸನ್ನು ಕೋಣೆಯಲ್ಲಿ ಬಿಟ್ಟು ತಾಯಿ ಹೊರಗೆ ಹೋಗುತ್ತಾಳೆ, ಸ್ವಲ್ಪ ಹೊತ್ತಿಗೆ ವಾಪಸ್ ಬರುತ್ತಾಳೆ. ಕೆಲವು ಮಕ್ಕಳು ಅಳುತ್ತಾ ಬಂದು ಅಪ್ಪಿಕೊಂಡು ಸಮಾಧಾನವಾಗುತ್ತವೆ. ಕೆಲವು ತಿರುಗಿಯೂ ನೋಡುವುದಿಲ್ಲ, ಆಟಿಕೆ ಹಿಡಿದು ಕೂತಿರುತ್ತವೆ. ಏನೂ ಆಗಿಲ್ಲವೇನೋ ಅನ್ನೋ ಹಾಗೆ. ಆದರೆ 1977ರಲ್ಲಿ ಇಂಥ ಮಕ್ಕಳ ಎದೆಬಡಿತ ಅಳೆದು ನೋಡಿದರೆ, ಅವುಗಳದ್ದೂ ಏರಿತ್ತು.

ಟೀವಿ ಮುಂದೆ ಕೂತ ಇವರ ಬೆನ್ನು ನೆನಪಾಯಿತು.

ಶನಿವಾರ ನಡೆದದ್ದು ಇಷ್ಟು. ಆ ಜೂನ್ ರಾತ್ರಿಯ ಮಾತು ಬಂತು. ಇವರು ಎಂದಿನಂತೆ ಹಿಂದಿಯಲ್ಲಿ, ಬ್ಯಾಂಕಿಗೆ ಅರ್ಜಿ ಬರೆದ ಹಾಗೆ, ಕೌನ್ಸೆಲರ್ ಮುಖ ನೋಡಿಕೊಂಡು ಹೇಳುತ್ತಿದ್ದರು. ಆಕೆ ತಡೆದಳು. ನನಗಲ್ಲ, ಅವರಿಗೆ ಹೇಳಿ. ಮನೆಯಲ್ಲಿ ಯಾವ ಭಾಷೆಯಲ್ಲಿ ಜಗಳ ಆಡುತ್ತೀರೋ ಅದರಲ್ಲೇ ಹೇಳಿ, ನನಗೆ ಅರ್ಥವಾಗದಿದ್ದರೂ ಪರವಾಗಿಲ್ಲ. ಇವರು ನನ್ನ ಕಡೆ ತಿರುಗಿದರು. ತುಂಬಾ ಹೊತ್ತು ಫ್ಯಾನಿನ ಸದ್ದು ಮಾತ್ರ. ಆಮೇಲೆ ಆ ಮಾತು. ನಿನ್ನ ಮಾರಿ ನೋಡಿದ್ರ ನಾ ಮತ್ತ ನಪಾಸಾದೆ ಅನ್ನಸ್ತದ.

"ಕಾಯ್ ಮ್ಹಣಾಲೇ ತೇ?" ಅಂತ ಆಕೆ ನನ್ನನ್ನು ಕೇಳಿದಳು. ಏನಂದರು ಅವರು?

ನನಗೆ ಹೇಳಲಾಗಲಿಲ್ಲ. ಮರಾಠಿ ಚೆನ್ನಾಗೇ ಬರುತ್ತದೆ. ನಾಪಾಸ್ ಅನ್ನೋ ಪದ ಮರಾಠಿಯಲ್ಲೂ ಇದೆ. ಆದರೂ ಬಾಯಿ ತೆರೆದರೆ ಅಳು ಬಂತು. ಯಾಕೆಂದರೆ ಐದನೇ ಕ್ಲಾಸಿಗೇ ಇವರನ್ನು ಹಾಸ್ಟೆಲಿಗೆ ಹಾಕಿದ್ದು ನನಗೆ ಗೊತ್ತು. ಮಾವ ನೋಡಲು ಬರುತ್ತಿದ್ದದ್ದು ರಿಸಲ್ಟ್ ದಿನ ಮಾತ್ರ. ಇದನ್ನು ಅತ್ತೆ ಹೆಮ್ಮೆಯಿಂದ ಹೇಳುತ್ತಿದ್ದರು, ಎಷ್ಟು ಶಿಸ್ತು ನೋಡು ಅಂತ. ನಾನೂ ಸುಮ್ನೆ ತಲೆಯಾಡಿಸಿ ಕೇಳಿದ್ದೆ. ಒಬ್ಬ ಹುಡುಗ ಬಾಗಿಲಲ್ಲಿ ಮಾರ್ಕ್ಸ್ ಕಾರ್ಡ್ ಹಿಡಿದು ಅಪ್ಪನ ಮುಖ ನೋಡುತ್ತಾ ನಿಂತಿದ್ದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಆ ಜೂನ್ ರಾತ್ರಿ ಬಾಗಿಲು ತೆಗೆದ ನನ್ನ ಮುಖ ಹೇಗಿತ್ತೋ.

ಹಾಗಂತ ನನಗೆ ಪೂರ್ತಿ ಕರಗಿತು ಅಂತಲ್ಲ. ಸಿಟ್ಟೂ ಬಂತು. ಹದಿನಾಲ್ಕು ವರ್ಷ ಈ ಒಂದು ಮಾತನ್ನು ಬಚ್ಚಿಟ್ಟು, ಅಪರಿಚಿತ ಹುಡುಗಿಯ ಎದುರು ಹೇಳಬೇಕಾಯಿತಾ? ನಾನು 23 ಸಲ ಫೋನ್ ಮಾಡಿದ್ದು ಜಗಳಕ್ಕಲ್ಲ. ಶಿವಮೊಗ್ಗದಲ್ಲಿ ನಾನು ಏಳನೇ ಕ್ಲಾಸಲ್ಲಿದ್ದಾಗ ಅಪ್ಪ ಸ್ಕೂಟರ್ ಹತ್ತಿ ಹೋದವರು ತಿರುಗಿ ಬರಲಿಲ್ಲ. ಅದು ಇವರಿಗೆ ಗೊತ್ತು. ಗೊತ್ತಿದ್ದೂ ತೆಗೆಯಲಿಲ್ಲ. ಕೌನ್ಸೆಲರ್ ಪ್ರಕಾರ ಇದನ್ನೂ ಇವರತ್ತ ತಿರುಗಿ ಹೇಳಬೇಕು, ಬೈಗುಳದ ಧಾಟಿಯಲ್ಲಲ್ಲ. ಮುಂದಿನ ಶನಿವಾರಕ್ಕೆ ಆಗುತ್ತೋ ನೋಡಬೇಕು. ಎಂಟರಿಂದ ಇಪ್ಪತ್ತು ಸಲ ಕೂರಬೇಕಾಗುತ್ತದಂತೆ. ನಮ್ಮದು ಆರು ಮುಗಿದಿದೆ.

ನಿನ್ನೆ ಮತ್ತೆ ಮಳೆ. ಚಪಾತಿ ಲಟ್ಟಿಸುತ್ತಿದ್ದೆ, ಎಂಟೂ ಮುಕ್ಕಾಲಿಗೆ ಅವರೇ ಫೋನ್ ಮಾಡಿದರು.

"ಸಾಯನ್-ಕುರ್ಲಾ ನಡುವ ಗಾಡಿ ನಿಂತದ. ಎಷ್ಟೊತ್ತಾಗ್ತದೋ."

"ಮಳೆ ನೋಡಿ ಬೇಗ ಹೊರಡೋಕೆ ಏನಾಗಿತ್ತು ನಿಮ್ಗೆ?" ಬಾಯಿಂದ ಜಾರಿಹೋಯಿತು.

ಆ ಕಡೆ ಮಾತಿಲ್ಲ. ಕಟ್ ಮಾಡಿದರು ಅಂದುಕೊಂಡೆ.

"ಗಾಣ ಶುರು ಆತು ನೋಡು," ಅಂದರು.

ನನಗೆ ನಗು ಬಂತು. ಹಿಂದೆ ಯಾರೋ ಭಜನೆ ಶುರು ಮಾಡಿದ್ದರು, ತಾಳದ ಸದ್ದು ಕೇಳುತ್ತಿತ್ತು. "ಫೋನ್ ಇಡಬ್ಯಾಡ," ಅಂದರು. ಸ್ಪೀಕರ್ ಹಾಕಿ ಹಿಟ್ಟಿನ ಡಬ್ಬಕ್ಕೆ ಒರಗಿಸಿಟ್ಟೆ. ಇಬ್ಬರೂ ಏನೂ ಮಾತಾಡಲಿಲ್ಲ. ಒಂಬತ್ತನೇ ಚಪಾತಿ ಹೊತ್ತಿಗೆ ಗಾಡಿ ಹೊರಟಿತು.