ಸಮೀಕರಣಕ್ಕೂ ಮೊದಲು ಬಾಣದ ಗುರುತು

ಚಲನೆಯ ಅಧ್ಯಾಯವನ್ನು ಬೋಧಿಸುವಾಗ ನಾನು ಬಿಡದೆ ಪಾಲಿಸುವ ನಿಯಮವೊಂದಿದೆ. ಯಾವ ದಿಕ್ಕನ್ನು ಧನವೆಂದು ಇಟ್ಟುಕೊಂಡಿದ್ದೇನೆ ಎಂಬುದನ್ನು ಬಾಣ ಎಳೆದು ತೋರಿಸದ ಹೊರತು ವಿದ್ಯಾರ್ಥಿ ಸಮೀಕರಣಕ್ಕೆ ಕೈ ಹಾಕುವಂತಿಲ್ಲ. ಮುಕ್ತ ಪತನದ, ಅಂದರೆ ಗುರುತ್ವದ ಸೆಳೆತಕ್ಕೆ ಮಾತ್ರ ಒಳಗಾದ ವಸ್ತುವಿನ ಚಲನೆಯ ಲೆಕ್ಕಗಳು ತಪ್ಪುವುದು ಬಹುಮಟ್ಟಿಗೆ ಗುಣಾಕಾರ ಭಾಗಾಕಾರದಲ್ಲಲ್ಲ, ಚಿಹ್ನೆಯಲ್ಲಿ ಎಂಬುದನ್ನು ಉತ್ತರ ಪತ್ರಿಕೆಗಳನ್ನು ತಿದ್ದುತ್ತಲೇ ಕಂಡುಕೊಂಡೆ.

"ಮೇಲೆ ಹೋಗುವಾಗ ಗುರುತ್ವ ಋಣ, ಕೆಳಗೆ ಬರುವಾಗ ಧನ" ಎಂದು ಬಾಯಿಪಾಠ ಮಾಡಿಕೊಂಡು ಬರುವ ಮಕ್ಕಳು ಬಹಳ. ಆ ಸೂತ್ರ ಒಂದೇ ಚಲನೆಯನ್ನು ಎರಡು ತುಂಡು ಮಾಡುತ್ತದೆ. ಮೇಲಕ್ಕೆ ಎಸೆದ ಕಲ್ಲು ಕೆಳಕ್ಕೆ ತಿರುಗಿದ ಕ್ಷಣದಲ್ಲಿ ಗುರುತ್ವವೂ ತಿರುಗಿತೇನೋ ಎಂಬ ಭಾವನೆಯನ್ನು ಬಿತ್ತುತ್ತದೆ. ಗುರುತ್ವದಿಂದ ಉಂಟಾಗುವ ವೇಗೋತ್ಕರ್ಷವು, ಅಂದರೆ ವೇಗ ಬದಲಾಗುವ ದರವು, ಸದಿಶ (ದಿಕ್ಕೂ ಇರುವ ಪರಿಮಾಣ), ಭೂಮಿಯ ಮೇಲ್ಮೈ ಬಳಿ ಅದು ಸೆಕೆಂಡಿಗೆ ಸೆಕೆಂಡಿಗೆ ಸುಮಾರು 9.8 ಮೀಟರ್, ಕಲ್ಲು ಏರುತ್ತಿರಲಿ ಇಳಿಯುತ್ತಿರಲಿ ಅದರ ದಿಕ್ಕು ಕೆಳಗೇ. ತುತ್ತತುದಿಯಲ್ಲಿ ವೇಗ ಸೊನ್ನೆಯಾದಾಗ ವೇಗೋತ್ಕರ್ಷವೂ ಸೊನ್ನೆ ಎಂದು ಯಾರಾದರೂ ಹೇಳಿದರೆ, ಹಾಗಿದ್ದಲ್ಲಿ ಕಲ್ಲು ಅಲ್ಲಿಂದ ಕೆಳಗಿಳಿಯಲು ಕಾರಣವೇನು ಎಂದಷ್ಟೇ ಕೇಳುತ್ತೇನೆ.

ಇದಕ್ಕಾಗಿ ನಾನು ಮತ್ತೆ ಮತ್ತೆ ಮಾಡಿಸುವ ಲೆಕ್ಕವೊಂದಿದೆ. 25 ಮೀಟರ್ ಎತ್ತರದ ಕಟ್ಟಡದ ಅಂಚಿನಿಂದ ಕಲ್ಲನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರವಾಗಿ ಮೇಲಕ್ಕೆ ಎಸೆದರೆ ಅದು ನೆಲ ಮುಟ್ಟಲು ಎಷ್ಟು ಹೊತ್ತು ಬೇಕು? ಏರುವ ಕಾಲ, ಇಳಿಯುವ ಕಾಲ ಎಂದು ಬೇರೆ ಬೇರೆ ಲೆಕ್ಕ ಹಾಕುವ ಅಗತ್ಯವೇ ಇಲ್ಲ. ಮೇಲ್ಮುಖವನ್ನು ಧನವೆಂದು ಗುರುತಿಸಿ, ಸ್ಥಾನಪಲ್ಲಟವನ್ನು (ಹೊರಟ ಜಾಗದಿಂದ ತಲುಪಿದ ಜಾಗಕ್ಕಿರುವ ದಿಕ್ಕುಸಹಿತ ದೂರವನ್ನು) ಋಣ 25, ಆರಂಭಿಕ ವೇಗವನ್ನು ಧನ 20, ವೇಗೋತ್ಕರ್ಷವನ್ನು ಸರಳತೆಗಾಗಿ ಋಣ 10 ಎಂದು ತೆಗೆದುಕೊಂಡರೆ ಇಡೀ ಪ್ರಯಾಣ ಒಂದೇ ವರ್ಗ ಸಮೀಕರಣದಲ್ಲಿ ಅಡಕವಾಗುತ್ತದೆ. ಉತ್ತರಗಳು ಎರಡು: 5 ಸೆಕೆಂಡು ಮತ್ತು ಋಣ 1 ಸೆಕೆಂಡು.

ಆ ಋಣ ಉತ್ತರವನ್ನು ಹೊಡೆದುಹಾಕಿ ಮುಂದೆ ಸಾಗುವುದೇ ರೂಢಿ. ಆದರೆ ನನ್ನ ಮಟ್ಟಿಗೆ ಇಡೀ ಪಾಠದ ಅತ್ಯಂತ ಚೆಲುವಾದ ಭಾಗ ಅಲ್ಲಿದೆ. ನಾವು ಎಸೆಯುವುದಕ್ಕೆ 1 ಸೆಕೆಂಡು ಮುಂಚೆ ಯಾರಾದರೂ ಅದೇ ಕಲ್ಲನ್ನು ನೆಲದಿಂದ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದಿದ್ದರೆ, ಅದು ಕಟ್ಟಡದ ಅಂಚನ್ನು ದಾಟುವಾಗ ಸರಿಯಾಗಿ 20 ಮೀಟರ್ ವೇಗದಲ್ಲಿರುತ್ತಿತ್ತು. ಕೊನೆಗೆ ಕಲ್ಲು ನೆಲಕ್ಕೆ ಬಡಿಯುವ ವೇಗವೂ 30, ದಿಕ್ಕು ಮಾತ್ರ ವಿರುದ್ಧ. ಕಲ್ಲನ್ನು ಎಸೆದದ್ದು ಯಾರ ಕೈ, ಎಲ್ಲಿಂದ ಎಂಬುದು ಸಮೀಕರಣಕ್ಕೆ ಗೊತ್ತಿಲ್ಲ. ಅದು ಇಡೀ ಪಥವನ್ನು ಹಿಂದಕ್ಕೂ ಮುಂದಕ್ಕೂ ಹೇಳುತ್ತದೆ. ಇದನ್ನು ನಕ್ಷೆಯಲ್ಲಿ ಬಿಡಿಸಿ ತೋರಿಸಲು ಒಂದು ಇಡೀ ತರಗತಿಯ ಅವಧಿ ಹೋದರೂ ಚಿಂತೆಯಿಲ್ಲ.

ಬಾಣದ ಅಭ್ಯಾಸ ಗಟ್ಟಿಯಾದವರಿಗೆ ಓರೆಯಾಗಿ ಎಸೆದ ವಸ್ತುವಿನ ಚಲನೆ ಹೊಸ ಅಧ್ಯಾಯವೆನಿಸುವುದಿಲ್ಲ. ಒಂದರ ಬದಲು ಎರಡು ಬಾಣ ಎಳೆಯಬೇಕು, ವೇಗವನ್ನು ಅಡ್ಡ ಮತ್ತು ಲಂಬ ಎಂಬ ಎರಡು ಘಟಕಗಳಾಗಿ ಬಿಡಿಸಬೇಕು, ಅಡ್ಡ ದಿಕ್ಕಿನಲ್ಲಿ ವೇಗೋತ್ಕರ್ಷ ಸೊನ್ನೆ ಎಂದು ಬರೆಯಬೇಕು, ಅಷ್ಟೆ. ಗಾಳಿಯ ತಡೆಯನ್ನು ಗಣಿಸದಿದ್ದರೆ, ಒಂದೇ ಎತ್ತರದಿಂದ ಒಂದು ಚೆಂಡನ್ನು ಅಡ್ಡಲಾಗಿ ಎಸೆದು, ಅದೇ ಕ್ಷಣದಲ್ಲಿ ಇನ್ನೊಂದನ್ನು ಸುಮ್ಮನೆ ಕೈಬಿಟ್ಟಾಗ ಎರಡೂ ಸಮತಟ್ಟಾದ ನೆಲವನ್ನು ಒಟ್ಟಿಗೇ ಮುಟ್ಟುತ್ತವೆ ಎಂಬುದನ್ನು ಅವರು ಲೆಕ್ಕ ಮಾಡದೆಯೇ ಹೇಳುತ್ತಾರೆ, ಏಕೆಂದರೆ ಎರಡರ ಲಂಬ ಘಟಕಗಳೂ ಆರಂಭದಲ್ಲಿ ಸೊನ್ನೆಯೇ ಆಗಿರುವುದು ಅವರು ಬಿಡಿಸಿದ ಚಿತ್ರದಲ್ಲೇ ಕಾಣುತ್ತದೆ.