ಸಮುದ್ರವಿಲ್ಲದ ಬೆಂಗಳೂರಿನಲ್ಲಿ ಸಮುದ್ರದ ಕಾನೂನು ಯಾಕೆ?

ಎಲ್‌ಎಲ್‌ಎಂನಲ್ಲಿ ಅಂತಾರಾಷ್ಟ್ರೀಯ ಸಾಗರ ಕಾನೂನು ಓದಿದ್ದೇನೆ ಅಂದರೆ ಸಾಕು, ಬೆಂಗಳೂರಿನಲ್ಲಿ ಎಲ್ಲರೂ ಕೇಳುವುದು ಒಂದೇ: "ಇಲ್ಲಿ ಸಮುದ್ರ ಎಲ್ಲಿದೆ? ಇದನ್ನ ಓದಿ ಏನ್ ಮಾಡ್ತೀರಾ?"

ಸಮುದ್ರ ಇಲ್ಲ, ನಿಜ. ಆದರೆ ಕಬ್ಬನ್ ಪಾರ್ಕ್ ಪಕ್ಕದ ನಮ್ಮ ಹೈಕೋರ್ಟ್‌ಗೆ ಹಡಗನ್ನು ಅರೆಸ್ಟ್ ಮಾಡಿಸುವ, ಅಂದರೆ ಬಂದರಿನಿಂದ ಹೊರಡದಂತೆ ತಡೆಹಿಡಿಯುವ ಅಧಿಕಾರ ಇದೆ. 2017ರ ಅಡ್ಮಿರಾಲ್ಟಿ ಕಾಯ್ದೆ (ಹಡಗಿನ ವ್ಯಾಜ್ಯಗಳ ಕಾನೂನು) ಈ ಅಧಿಕಾರವನ್ನು ಕೆಲವೇ ಹೈಕೋರ್ಟ್‌ಗಳಿಗೆ ಕೊಟ್ಟಿದೆ, ಅದರಲ್ಲಿ ಕರ್ನಾಟಕದ್ದೂ ಒಂದು. ಪಣಂಬೂರಿನ ಬಂದರಿಗೆ ಬಂದ ಹಡಗಿನಿಂದ ಯಾರಿಗೋ ದುಡ್ಡು ಬರಬೇಕು ಅಂತಿಟ್ಟುಕೊಳ್ಳಿ. ಮಾಲೀಕ ಗ್ರೀಸ್‌ನಲ್ಲಿ, ಬಾವುಟ ಪನಾಮಾದ್ದು, ಸಿಬ್ಬಂದಿ ಮತ್ತೆಲ್ಲಿಯವರೋ. ಮಾಲೀಕನನ್ನು ಹುಡುಕುವಷ್ಟರಲ್ಲಿ ಹಡಗು ಹೊರಟು ಹೋಗಿರುತ್ತದೆ. ಅದಕ್ಕೇ ಕಾನೂನು ಹಡಗಿನ ಮೇಲೆಯೇ ಕೇಸು ಹಾಕಲು ಬಿಡುತ್ತದೆ. ಭದ್ರತೆಯ ಹಣ ಕಟ್ಟಿದರೆ ಬಿಡುಗಡೆ, ಇಲ್ಲದಿದ್ದರೆ ಕೊನೆಗೆ ಹರಾಜು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಾಯ್ದೆಯ ಸೆಕ್ಷನ್ 9. ಹಡಗಿನ ಮೇಲಿನ ಹಕ್ಕುಗಳ ಪಟ್ಟಿಯಲ್ಲಿ ಮೊದಲು ಬರುವುದು ನಾವಿಕರ ಬಾಕಿ ಸಂಬಳ. ಆಮೇಲೆ ಸಾವು ನೋವಿನ ಪರಿಹಾರ. ಹಡಗು ಅಡವಿಟ್ಟುಕೊಂಡ ಬ್ಯಾಂಕ್ ಇವರ ಹಿಂದೆ ನಿಲ್ಲಬೇಕು! ಮಾಲೀಕ ಕೈಬಿಟ್ಟ ಹಡಗುಗಳಲ್ಲಿ ಹುಡುಗರು ಸಂಬಳ ಇಲ್ಲದೆ, ಕೆಲವೊಮ್ಮೆ ಕುಡಿಯುವ ನೀರಿಗೂ ಪರದಾಡುತ್ತಾ ತಿಂಗಳುಗಟ್ಟಲೆ ಕೂರುತ್ತಾರೆ. ನಾವಿಕರ ಕೆಲಸದ ಹಕ್ಕುಗಳ ಅಂತಾರಾಷ್ಟ್ರೀಯ ಒಪ್ಪಂದವಾದ 2006ರ ಮ್ಯಾರಿಟೈಮ್ ಲೇಬರ್ ಕನ್ವೆನ್ಷನ್‌ಗೆ 2014ರಲ್ಲಿ ತಿದ್ದುಪಡಿ ತಂದು, ಇಂಥವರಿಗೆ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ ಸಿಗುವಂತೆ ಮಾಲೀಕ ಮೊದಲೇ ವಿಮೆಯನ್ನೋ ಬೇರೆ ಭದ್ರತೆಯನ್ನೋ ಇಡಬೇಕು ಅಂತ ಮಾಡಿದ್ದಾರೆ. ಅದನ್ನು ಜಾರಿಗೆ ತರಿಸೋಕೆ ಲಾಯರ್ ಬೇಕಲ್ವಾ?

ದೇಶ ದೇಶಗಳ ನಡುವಿನ ಜಗಳ ಇನ್ನೊಂದು ದೊಡ್ಡ ಭಾಗ. 2012ರಲ್ಲಿ ಕೇರಳದ ಕರಾವಳಿಯಿಂದ ಸುಮಾರು 20 ನಾಟಿಕಲ್ ಮೈಲಿ ದೂರದಲ್ಲಿ ಇಟಲಿಯ ನೌಕಾ ಸೈನಿಕರ ಗುಂಡಿಗೆ ಇಬ್ಬರು ಮೀನುಗಾರರು ಬಲಿಯಾದರು. ನಮ್ಮ ದೇಶದ್ದೇ ಅನ್ನಿಸಿಕೊಳ್ಳುವ ಪ್ರಾದೇಶಿಕ ಸಮುದ್ರ 12 ನಾಟಿಕಲ್ ಮೈಲಿಗೇ ಮುಗಿಯುತ್ತದೆ, ಮೀನು, ಖನಿಜದಂಥ ಸಂಪತ್ತಿನ ಹಕ್ಕು ಮಾತ್ರ ಇರುವ ಆರ್ಥಿಕ ವಲಯ 200ರವರೆಗೆ. ಹಾಗಾದರೆ ವಿಚಾರಣೆ ಯಾರದು? ಸೈನಿಕರಿಗೆ ಭಾರತದ ವಿಚಾರಣೆಯಿಂದ ವಿನಾಯಿತಿ ಇದೆ, ಆದರೆ ಇಟಲಿ ಪರಿಹಾರ ಕೊಡಬೇಕು ಅಂತ ಅಂತಾರಾಷ್ಟ್ರೀಯ ನ್ಯಾಯಮಂಡಳಿಯ ತೀರ್ಪು ಬರುವಾಗ 2020 ಆಗಿತ್ತು.

ಇನ್ನು ಕೆಲಸದ ವಿಷಯ. ಹಡಗಿನ ಕೇಸುಗಳು ಜಾಸ್ತಿ ಇರುವುದು ಮುಂಬೈನಲ್ಲಿ. ಬೆಂಗಳೂರಿನಲ್ಲೇ ಇರುತ್ತೇನೆ ಅಂದರೆ ವೈಟ್‌ಫೀಲ್ಡ್ ಕಂಟೇನರ್ ಡಿಪೋ, ಗಾರ್ಮೆಂಟ್ಸ್ ಮತ್ತು ಕಾಫಿ ರಫ್ತು, ಸರಕಿನ ವಿಮೆ, ಬಿಲ್ ಆಫ್ ಲೇಡಿಂಗ್ (ಹಡಗಿಗೆ ಸರಕು ಹಾಕಿದ್ದಕ್ಕೆ ಕೊಡುವ ರಸೀದಿ ಪತ್ರ) ತಕರಾರು, ಇವು ಇವೆ. ಬಿಲ್ ಆಫ್ ಲೇಡಿಂಗ್, ಸಮುದ್ರದ ಸರಕು ಸಾಗಣೆ, ವಾಣಿಜ್ಯ ಹಡಗುಗಳ ಬಗೆಗಿನ 1856, 1925, 1958ರ ಹಳೆಯ ಕಾಯ್ದೆಗಳ ಜಾಗಕ್ಕೆ 2025ರಲ್ಲಿ ಹೊಸವು ಬಂದಿವೆ. ಹೊಸದಾಗಿ ಬರುವವರಿಗೆ ಇದಕ್ಕಿಂತ ಒಳ್ಳೆ ಸಮಯ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಓದೋಕೆ ಮಾಲ್ಟಾದ ಐಎಂಎಲ್‌ಐ (ಅಂತಾರಾಷ್ಟ್ರೀಯ ಸಾಗರ ಕಾನೂನು ಸಂಸ್ಥೆ), ಸ್ವೀಡನ್‌ನ ಮಾಲ್ಮೊದಲ್ಲಿರುವ ವರ್ಲ್ಡ್ ಮ್ಯಾರಿಟೈಮ್ ಯೂನಿವರ್ಸಿಟಿ, ಇಂಗ್ಲೆಂಡ್‌ನ ಸೌತಾಂಪ್ಟನ್ ಹೆಸರಾದವು. ಆದರೆ ಸುಮ್ನೆ ಸಾಲ ಮಾಡಿ ಓಡಬೇಡಿ. ಮೊದಲು ಎಂ.ವಿ. ಎಲಿಸಬೆತ್ ಕೇಸಿನ 1992ರ ಸುಪ್ರೀಂ ಕೋರ್ಟ್ ತೀರ್ಪು ಪೂರ್ತಿ ಓದಿ. ನಮ್ಮ ಹೈಕೋರ್ಟ್‌ಗಳ ಅಧಿಕಾರ ಬ್ರಿಟಿಷರ ಕಾಲದ ಕಾನೂನಿಗೇ ನಿಂತುಹೋಗಿಲ್ಲ ಅಂತ ಹೇಳಿದ ತೀರ್ಪು ಅದು. ಓದಿ ಮುಗಿಸಿದ ಮೇಲೂ ಇನ್ನಷ್ಟು ಬೇಕು ಅನ್ನಿಸಿದರೆ ಅರ್ಜಿ ಹಾಕಿ.