ಅಜೋಲಾದ ಎಲೆಯಲ್ಲಿ ಕೋಶಕೇಂದ್ರದ ಹುಡುಕಾಟ: ಕೊಡಗಿನ ಕಕ್ಕಡ ತಿಂಗಳ ದಾಖಲೆ

ಹನ್ನೊಂದು ದಿನಗಳ ಪರದಾಟದ ನಂತರ ನಿನ್ನೆ ರಾತ್ರಿ ಸೂಕ್ಷ್ಮದರ್ಶಕದಲ್ಲಿ, ಅಜೋಲಾ ಎಂಬ ನೀರಿನ ಜರೀಗಿಡದ ಎಲೆಯ ಪೊಟರೆಯೊಳಗಿನ ಅನಬೀನಾ (ಹಸಿರು ಬಣ್ಣದ ಒಂದು ಸಯನೋಬ್ಯಾಕ್ಟೀರಿಯಾ) ಸರಗಳೂ ಅವುಗಳ ನಡುವೆ ಚಾಚಿಕೊಂಡಿರುವ ಎಲೆಯ ರೋಮಕೋಶಗಳೂ ಒಂದೇ ನೋಟದಲ್ಲಿ ಸ್ಪಷ್ಟವಾಗಿ ಕಂಡವು. ನಾಪೋಕ್ಲು ಸಮೀಪದ ಗದ್ದೆಯಿಂದ ಅಜೋಲಾ ತಂದು, ಎಲೆಯ ಪೊಟರೆಯಿರುವ ಮೇಲಿನ ಹಾಲೆಯನ್ನು ಸೂಜಿಯಿಂದ ಬಿಡಿಸಿ, ಕೋಶಕೇಂದ್ರಕ್ಕೆ ಹಿಡಿಯುವ ನೀಲಿ ಬಣ್ಣವಾದ ಮೆಥಿಲೀನ್ ಬ್ಲೂ ಹಾಕಿದ್ದೆ.

ತೊಡಕಿದ್ದದ್ದು ನೂರು ಪಟ್ಟು ಹಿಗ್ಗಿಸುವ, ಗಾಜಿನ ಮೇಲೆ ಎಣ್ಣೆ ಹನಿ ಇಟ್ಟು ನೋಡುವ ಮಸೂರದಲ್ಲಿ. ಹತ್ತರಲ್ಲಿ ಎಲ್ಲವೂ ಸರಿಯಾಗಿತ್ತು. ನಲವತ್ತರಲ್ಲಿ ಹಾಲಿನ ತೆರೆ ಕವಿದಂತಿತ್ತು. ನೂರರಲ್ಲಿ ಚಿತ್ರ ಮೂಡುವ ಮೊದಲೇ ಮಸೂರ ಗಾಜಿಗೆ ತಗುಲಿ ಅದರ ಸ್ಪ್ರಿಂಗ್ ಒಳಸರಿಯುತ್ತಿತ್ತು. ಕೊಡಗಿನ ಮಳೆಗಾಲದಲ್ಲಿ ಮಸೂರಕ್ಕೆ ಬೂಸ್ಟು ಹಿಡಿಯುವುದು ಹೊಸದಲ್ಲವಾದ್ದರಿಂದ ಮೊದಲು ಅದನ್ನೇ ಶಂಕಿಸಿ ಒರೆಸಿದೆ, ಎಣ್ಣೆ ಬದಲಿಸಿದೆ, ಬೆಳಕನ್ನು ಕೂಡಿಸುವ ಕಂಡೆನ್ಸರನ್ನು ಮತ್ತೆ ಹೊಂದಿಸಿದೆ. ಯಾವುದೂ ಫಲಿಸಲಿಲ್ಲ. ಕೊನೆಗೆ ಸ್ಕ್ರೂಗೇಜಿನಲ್ಲಿ ಕವರ್‌ಸ್ಲಿಪ್ (ಮಾದರಿಯ ಮೇಲೆ ಮುಚ್ಚುವ ತೆಳುಗಾಜು) ಅಳೆದಾಗ 0.34 ಮಿ.ಮೀ. ಬಂತು. ನಮ್ಮ ಮಸೂರಗಳು 0.17 ಮಿ.ಮೀ. ದಪ್ಪದ ಗಾಜಿಗೆ ರೂಪಿಸಿದವು. ತೇವದಿಂದ ಎರಡೆರಡು ಗಾಜುಗಳು ಅಂಟಿ, ಅಂಚಿನ ಗೆರೆಯೂ ಕಾಣದಷ್ಟು ಒಂದಾಗಿದ್ದವು. ಪೂರೈಕೆದಾರರು ಅವನ್ನು ಬರಿಯ ರಟ್ಟಿನ ಪೆಟ್ಟಿಗೆಯಲ್ಲಿ, ಒಂದು ಚಿಟಿಕೆ ಸಿಲಿಕಾ ಜೆಲ್ ಕೂಡ ಇಡದೆ ಕಳುಹಿಸಿದ್ದರು. ದೂರಿದಾಗ, ಗಾಜಿಗೆ ತೇವ ಏನು ಮಾಡೀತು ಎಂದು ನನ್ನನ್ನೇ ಕೇಳಿದರು! ಇಡೀ ರಾತ್ರಿ ಸ್ಪಿರಿಟ್‌ನಲ್ಲಿ ನೆನೆಸಿ ಬಿಡಿಸುವಾಗ ಅರ್ಧದಷ್ಟು ಒಡೆದುಹೋದವು.

ಇಷ್ಟು ಹಟ ಹಿಡಿದದ್ದಕ್ಕೆ ಕಾರಣವಿದೆ. ಪ್ರೊಕ್ಯಾರಿಯೋಟ್ (ಕೋಶಕೇಂದ್ರವಿಲ್ಲದ ಕೋಶ) ಚಿಕ್ಕದು, ಯೂಕ್ಯಾರಿಯೋಟ್ (ಕೋಶಕೇಂದ್ರವುಳ್ಳ ಕೋಶ) ದೊಡ್ಡದು ಎಂಬ ಅಳತೆಗೋಲು ಈ ಎಲೆಯಲ್ಲಿ ಸಾಲದು. ಅನಬೀನಾದ ಒಂದೊಂದು ಕೋಶವೂ ಹಲವು ಮೈಕ್ರಾನ್ ಅಗಲವಿದ್ದು, ಗಾತ್ರದಲ್ಲಿ ಎಲೆಯ ಕೋಶದೊಳಗಿನ ಹಸಿರು ಕಣವಾದ ಕ್ಲೋರೋಪ್ಲಾಸ್ಟ್‌ಗೆ ಸಮೀಪವಾಗಿದೆ, ಎರಡೂ ಹಸಿರು. ಎಲೆಯನ್ನು ಒತ್ತಿದಾಗ ಎರಡೂ ಬೆರೆತುಹೋಗುತ್ತವೆ. ಆದ್ದರಿಂದ ಕೋಶಕೇಂದ್ರ ಇದೆಯೇ ಇಲ್ಲವೇ ಎಂಬುದನ್ನೇ ನೋಡಬೇಕು. ಆ ಕ್ಲೋರೋಪ್ಲಾಸ್ಟ್‌ಗಳು ಕೂಡ ಬಹು ಹಿಂದೆ ಕೋಶದೊಳಗೆ ಸೇರಿ ಉಳಿದ ಸಯನೋಬ್ಯಾಕ್ಟೀರಿಯಾಗಳ ವಂಶವೆಂಬುದನ್ನು, ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ 1967ರಲ್ಲಿ ಮಂಡಿಸಿದ ವಾದದ ನಂತರ ಅವುಗಳ ಸ್ವಂತ ಡಿಎನ್‌ಎ ಮತ್ತು ಬ್ಯಾಕ್ಟೀರಿಯಾಗಳಲ್ಲಿರುವಂಥ 70ಎಸ್ ರೈಬೋಸೋಮ್‌ಗಳು (ಪ್ರೋಟೀನ್ ತಯಾರಿಸುವ ಕಣಗಳು) ದೃಢಪಡಿಸಿವೆ. ಅನಬೀನಾ ಮಾತ್ರ ಕೋಶದೊಳಗೆ ಹೋಗಿಲ್ಲ, ಎಲೆಯ ಪೊಟರೆಯಲ್ಲಿ ನಿಂತಿದೆ. ಮನೆಯೊಳಗಿನವರಾದ ಹಳೆಯ ನೆಂಟರೂ ಜಗಲಿಯಲ್ಲೇ ಉಳಿದ ಹೊಸ ನೆಂಟರೂ ಒಂದೇ ಎಲೆಯಲ್ಲಿರುವುದು ನನಗೆ ಎಷ್ಟು ನೋಡಿದರೂ ತಣಿಯದ ದೃಶ್ಯ.

ಒಂಟಿ ಕವರ್‌ಸ್ಲಿಪ್ ಹಾಕಿದೊಡನೆ ರೋಮಕೋಶದಲ್ಲಿ ದುಂಡನೆಯ ಗಾಢ ನೀಲಿ ಕೋಶಕೇಂದ್ರ ಮೂಡಿತು. ಪಕ್ಕದ ಅನಬೀನಾ ಕೋಶಗಳಲ್ಲಿ ಅಂತಹ ಗಡಿಯುಳ್ಳ ಬೊಟ್ಟು ಎಲ್ಲಿಯೂ ಇಲ್ಲ. ಅವುಗಳ ಡಿಎನ್‌ಎ ಪೊರೆಯಿಲ್ಲದೆ ಕೋಶರಸದಲ್ಲೇ ಇರುವುದರಿಂದ ಬಣ್ಣ ಕೋಶವಿಡೀ ಹರಡಿತ್ತು.

ಕೊಡಗಿನಲ್ಲಿ ಕಕ್ಕಡ ಹದಿನೆಂಟರಂದು ಉಣ್ಣುವ ಮದ್ದು ಸೊಪ್ಪಿನ ಪಾಯಸ ಕಲಕುವಾಗ ಹೊಳೆದ ಯೋಜನೆಯೊಂದನ್ನೂ ಇಲ್ಲಿ ಬರೆದಿಡುತ್ತೇನೆ. ಆ ಸೊಪ್ಪು ಬಿಡುವ ಕಡು ನೇರಳೆ ಬಣ್ಣ ಕೋಶಕೇಂದ್ರಕ್ಕೆ ಹಿಡಿಯುತ್ತದೆಯೇ ಎಂಬುದನ್ನು ಈರುಳ್ಳಿ ಪೊರೆಯ ಮೇಲೆ, ಸುಣ್ಣದ ತಿಳಿ ಮತ್ತು ನಿಂಬೆರಸ ಎರಡರೊಂದಿಗೂ ಪರೀಕ್ಷಿಸಬೇಕು. ಕಷಾಯದ ಒಂದು ಸೀಸೆಯನ್ನು ಫ್ರಿಜ್‌ನಲ್ಲಿ ಇಟ್ಟಿದ್ದೇನೆ.

ಅದಕ್ಕೂ ಮೊದಲು ತುದಿಯ ಎಳೆ ಎಲೆಯಿಂದ ಹಳೆಯ ಎಲೆಯವರೆಗೆ, ಅನಬೀನಾ ಸರದಲ್ಲಿ ಗಾಳಿಯ ಸಾರಜನಕವನ್ನು ಸ್ಥಿರೀಕರಿಸುವ ಹೆಟೆರೋಸಿಸ್ಟ್ ಕೋಶಗಳನ್ನು ಎಲೆಯಿಂದೆಲೆಗೆ ಎಣಿಸಬೇಕಾಗಿದೆ. ಬಿಡಿಯಾಗಿ ಉಳಿದಿರುವ ಕವರ್‌ಸ್ಲಿಪ್‌ಗಳು ಇಪ್ಪತ್ಮೂರು.